ಬ್ರೇಕಪ್ ಅಂದ್ರೆ ಏನು? (ಲವ್ ಮ್ಯಾಟರ್ ಅಲ್ಲ, ವಾಲ್ವ್ ಆಂಪ್ ಮ್ಯಾಟರ್)

ಗಿಟಾರ್ ನುಡಿಸೋರ ಮಧ್ಯೆ ಹತ್ತು ನಿಮಿಷ ಕೂತ್ರೆ ಸಾಕು, "ಆ ಆಂಪ್ ಬೇಗ ಬ್ರೇಕಪ್ ಆಗುತ್ತೆ ಗುರು", "ಇದು ಬ್ರೇಕಪ್ಪೇ ಆಗಲ್ಲ, ಅಷ್ಟರೊಳಗೆ ಕಿವಿ ಹೋಗಿರುತ್ತೆ" ಅಂತೆಲ್ಲ ಮಾತು ಬರುತ್ತೆ. ಯಾರೂ ಯಾರಿಗೂ ಕೈಕೊಟ್ಟಿರಲ್ಲ. ಗಿಟಾರ್ ದನಿನ ದೊಡ್ಡದು ಮಾಡೋ ಪೆಟ್ಟಿಗೆಯೇ ಆಂಪ್ (ಆಂಪ್ಲಿಫೈಯರ್), ಅದ್ರಿಂದ ಕ್ಲೀನಾಗಿ ಬರ್ತಿದ್ದ ದನಿ ಒಡೆಯೋಕೆ ಶುರುವಾಗೋ ಆ ಜಾಗಕ್ಕೇ ಬ್ರೇಕಪ್ ಅನ್ನೋದು. ಕಂಪನಿ ನಾಟಕದ ನಟ ಮೇಲಿನ ಷಡ್ಜಕ್ಕೆ ಏರಿ ನಿಂತಾಗ ಗಂಟಲಲ್ಲಿ ಸಣ್ಣಗೆ ಒಂದು ಕರಕರ ಸೇರ್ಕೊಳ್ಳುತ್ತಲ್ಲ, ಹಂಗೆ. ಶ್ರುತಿ ತಪ್ಪಿರಲ್ಲ, ದನಿಗೆ ಒಂದು ಖಾರ ಬಂದಿರುತ್ತೆ ಅಷ್ಟೇ.

ವಾಲ್ವ್ ಅಂದ್ರೆ ತಾತನ ಕಾಲದ ರೇಡಿಯೋ ಒಳಗೆ ಕೆಂಪಗೆ ಕಾಯ್ತಿದ್ದ ಗಾಜಿನ ಬುರುಡೆ. ಬ್ರಿಟಿಷರು ವಾಲ್ವ್ ಅಂದ್ರು, ಅಮೆರಿಕದವರು ಟ್ಯೂಬ್ ಅಂದ್ರು, ವಸ್ತು ಒಂದೇ. ಅದು ತಡೆಯೋಕಾಗೋದಕ್ಕಿಂತ ದೊಡ್ಡ ಸಿಗ್ನಲ್ ಕೊಟ್ರೆ ಅಲೆಯ ತಲೆ ಚಪ್ಪಟೆ ಆಗುತ್ತೆ, ಚಪ್ಪಟೆ ಆದಾಗ ಮೂಲದಲ್ಲಿ ಇಲ್ಲದ ಹೊಸ ಹಾರ್ಮೋನಿಕ್ಸ್, ಅಂದ್ರೆ ಮೂಲ ಸ್ವರದ ಮೇಲಿನ ಉಪಸ್ವರಗಳು, ಹುಟ್ಕೊಳ್ತವೆ. ಗಣೇಶನ ಪೆಂಡಾಲ್‌ನಲ್ಲಿ ಮೈಕ್ ಸೆಟ್‌ನ ಮಿತಿ ಮೀರಿ ಏರಿಸಿದಾಗ ಕಿರ್ರ್ ಅಂತ ಕಿವಿ ಕೊರೆಯುತ್ತಲ್ಲ, ಅದೂ ಇದೇ ಚಪ್ಪಟೆ ಕೆಲಸವೇ, ಆದ್ರೆ ಅಲ್ಲಿ ತಲೆ ಕತ್ತರೀಲಿ ಕತ್ತರಿಸಿದಂಗೆ ಹೋಗುತ್ತೆ. ವಾಲ್ವ್ ನಿಧಾನಕ್ಕೆ, ಗುಂಡಗೆ ಬಾಗಿಸುತ್ತೆ. ಅದ್ರಿಂದಾನೇ ತಂತಿನ ಮೆತ್ತಗೆ ಮೀಟಿದ್ರೆ ಕ್ಲೀನ್, ಬಿಗಿಯಾಗಿ ಮೀಟಿದ್ರೆ ಗುರ್ ಅನ್ನುತ್ತೆ, ಗಿಟಾರ್ ಮೇಲಿನ ವಾಲ್ಯೂಮ್ ನಾಬ್ ಒಂಚೂರು ಇಳಿಸಿದ್ರೆ ಮತ್ತೆ ಸಾಧು. ಪೆಡಲ್ (ಕಾಲಲ್ಲಿ ಒತ್ತಿ ದನಿ ಬದಲಿಸೋ ಡಬ್ಬಿ) ಮುಟ್ಟದೆ ಬರೀ ಬೆರಳಲ್ಲಿ ಇಷ್ಟೆಲ್ಲ ಆಟ ಆಡಬಹುದು ಅನ್ನೋದೇ ಜನ ಈ ಭಾರದ ಪೆಟ್ಟಿಗೆ ಹಿಂದೆ ಬೀಳೋಕೆ ಕಾರಣ.

ತೊಂದ್ರೆ ಏನಂದ್ರೆ ಹಳೇ ಡಿಸೈನ್‌ಗಳಲ್ಲಿ ಈ ಜಾಗ ಸಿಗೋದು ಆಂಪ್‌ನ ವಾಲ್ಯೂಮ್ ಹೆಚ್ಚುಕಮ್ಮಿ ಪೂರ್ತಿ ತಿರುಗಿಸಿದಾಗ. 1966ರಲ್ಲಿ ಲಂಡನ್‌ನ ಡೆಕ್ಕಾ ಸ್ಟುಡಿಯೋದಲ್ಲಿ ಬ್ರಿಟಿಷ್ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ತನ್ನ ಮಾರ್ಶಲ್ ಕಾಂಬೋನ (ಸ್ಪೀಕರ್ ಒಳಗೇ ಇರೋ ಆಂಪ್) ಸ್ಟೇಜ್ ಮೇಲಿನ ಜೋರಲ್ಲೇ ನುಡಿಸ್ತೀನಿ ಅಂತ ಹಠ ಹಿಡಿದಿದ್ದು ಇದಕ್ಕೇ, ಇಳಿಸಿದ್ರೆ ಆ ದನೀನೇ ಇರಲ್ಲ.

ನಮ್ಮದು ಎರಡನೇ ಮಹಡಿ ಫ್ಲಾಟ್. ನಾನು ತಗೊಂಡಿದ್ದು ಎರಡು ಇಎಲ್84 ವಾಲ್ವ್ ಇರೋ 15 ವಾಟ್ ಆಂಪ್, 15 ಅಂದ್ರೆ ಎಷ್ಟಾದ್ರೂ ಚಿಕ್ಕದಲ್ವ ಅಂತ. ವಾಲ್ಯೂಮ್ 2ರಲ್ಲಿ ಏನೂ ಇಲ್ಲ, ಸಪ್ಪೆ. 3ಕ್ಕೆ ಬಂದೆ, ಅಡುಗೆಮನೆ ಸ್ಟ್ಯಾಂಡಲ್ಲಿ ಬೋರಲು ಹಾಕಿದ್ದ ಸ್ಟೀಲ್ ಲೋಟಗಳು ಜಿಣಜಿಣ ಅಂದ್ವು, ಅದೂ ಇ (E) ತಂತಿ ಮೀಟಿದಾಗ ಮಾತ್ರ. ಬ್ರೇಕಪ್ ಇನ್ನೂ 6ರ ಹತ್ರ ಎಲ್ಲೋ ಇದೆ. ಕೆಳಗಿನ ಮನೆಯವರು ಮೇಲೆ ಬರೋದು ಅದಕ್ಕಿಂತ ಮುಂಚೆ.

ಇಲ್ಲಿ ಎಲ್ಲರೂ ಏಮಾರೋದು ವಾಟ್ ನಂಬರ್ ನೋಡಿ. ವಾಟ್ ಅರ್ಧ ಮಾಡಿದ್ರೆ ಇಳಿಯೋದು ಬರೀ 3 ಡೆಸಿಬಲ್. ಕಿವಿಗೆ "ಅರ್ಧ ಆಯ್ತು" ಅನ್ನಿಸ್ಬೇಕಂದ್ರೆ ಸುಮಾರು 10 ಡೆಸಿಬಲ್ ಇಳೀಬೇಕು, ಅಂದ್ರೆ ವಾಟ್ ಹತ್ತನೇ ಒಂದು ಪಾಲಾಗ್ಬೇಕು. ಮಾಮೂಲಿ ಗಿಟಾರ್ ಸ್ಪೀಕರ್ 1 ವಾಟ್‌ಗೇ ಒಂದು ಮೀಟರ್ ದೂರದಲ್ಲಿ 98 ಡೆಸಿಬಲ್ ಆಸುಪಾಸು ಕೂಗುತ್ತೆ, 15 ವಾಟ್‌ಗೆ 110ರ ಹತ್ರ. ವಾಸದ ಬಡಾವಣೆಗೆ ಸರ್ಕಾರದ ಶಬ್ದ ನಿಯಮ ಇಟ್ಟಿರೋ ಮಿತಿ ಹಗಲು 55, ರಾತ್ರಿ 45. ಅಷ್ಟು ದೂರ ಬೇಡ, 98ನ 68ಕ್ಕೆ ತರೋಕೇ ಒಂದು ವಾಟ್‌ನ ಸಾವಿರದಲ್ಲೊಂದು ಪಾಲು ಬೇಕು! ಹಂಗಾಗಿ "5 ವಾಟ್, ಮನೆಗೆ ಪರ್ಫೆಕ್ಟ್" ಅನ್ನೋ ಅಂಗಡಿಯವನ ಮಾತು ಕೇಳಿದ್ರೆ ಈಗ ನಂಗೆ ನಗು ಬರುತ್ತೆ. ಒಂದೇ ಒಂದು 6ವಿ6 ಪವರ್ ವಾಲ್ವ್ ಇರೋ ಹಳೇ ಫೆಂಡರ್ ಚಾಂಪ್ ಥರದ್ದು ಬೇಗ ಒಡೆಯುತ್ತೆ ನಿಜ, ಆದ್ರೆ ಒಡೆಯೋ ಹೊತ್ತಿಗೆ ಟಿವಿ ಕೇಳಲ್ಲ.

ಆದ್ರಿಂದ ಆಂಪ್ ಆರಿಸುವಾಗ ಎಷ್ಟು ವಾಟ್ ಅಂತ ಅಲ್ಲ, ಎಲ್ಲಿ ಒಡೆಯುತ್ತೆ ಅಂತ ಕೇಳಿ. ಎರಡು ಕಡೆ ಒಡೆಯಬಹುದು. ಸಿಗ್ನಲ್ ಮೊದಲು ಸೇರೋ ಮುಂದಿನ ಸಣ್ಣ ವಾಲ್ವ್, ಸಾಮಾನ್ಯವಾಗಿ 12ಎಎಕ್ಸ್7, ಒಡೆದ್ರೆ ಅದು ಪ್ರೀಆಂಪ್ ಬ್ರೇಕಪ್. ಸ್ಪೀಕರ್‌ನ ಓಡಿಸೋ ಹಿಂದಿನ ದಪ್ಪ ವಾಲ್ವ್ ಒಡೆದ್ರೆ ಪವರ್ ಆಂಪ್ ಬ್ರೇಕಪ್. ಮಾಸ್ಟರ್ ವಾಲ್ಯೂಮ್ ಅನ್ನೋ ನಾಬ್ ಇದ್ರೆ ಮುಂದಿನದನ್ನ ಒಡೆಯೋಕೆ ಬಿಟ್ಟು ಹಿಂದೆ ಹೋಗೋದನ್ನ ನಲ್ಲಿ ಥರ ಕಮ್ಮಿ ಮಾಡಬಹುದು. ದನಿ ಸ್ವಲ್ಪ ತೆಳು, ಜೇನುನೊಣದ ಥರ ಝುಯ್ ಅನ್ನೋ ಗುಣ ಜಾಸ್ತಿ, ಆದ್ರೂ ರಾತ್ರಿ ಒಂಬತ್ತಕ್ಕೆ ನುಡಿಸೋನಿಗೆ ಇದೇ ದಾರಿ ಅಂತ ನನ್ನ ಅಭಿಪ್ರಾಯ. ಅಟೆನ್ಯುಯೇಟರ್ ಅಂತ ಇನ್ನೊಂದು ಡಬ್ಬಿ ಇದೆ, ಆಂಪ್‌ಗೂ ಸ್ಪೀಕರ್‌ಗೂ ಮಧ್ಯೆ ಕೂತು ಪವರ್‌ನ ಬಿಸಿ ಮಾಡಿ ಕಳೆಯುತ್ತೆ, ಪವರ್ ಆಂಪ್ ಬ್ರೇಕಪ್ಪೇ ಬೇಕು ಅನ್ನೋರಿಗೆ ಅದು. ತುಂಬಾ ಇಳಿಸಿದ್ರೆ ದನಿಗೆ ಕಂಬಳಿ ಹೊದಿಸಿದಂಗೆ ಆಗುತ್ತೆ, ಅದ್ರಲ್ಲಿ ಅರ್ಧ ತಪ್ಪು ಡಬ್ಬಿದಲ್ಲ, ನಮ್ಮ ಕಿವೀದು, ಸದ್ದು ಕಮ್ಮಿ ಇದ್ದಾಗ ಬಾಸ್ ಟ್ರೆಬಲ್ ಎರಡೂ ಕಿವಿಗೆ ಕಮ್ಮಿ ಬೀಳ್ತವೆ. ಬಾಸ್ ಒಂಚೂರು ಏರಿಸ್ಕೊಳ್ಳಿ.

ಸೈಲೆಂಟಾಗಿ ನುಡಿಸ್ತೀನಿ ಅಂತ ಸ್ಪೀಕರ್ ವೈರ್ ಕಿತ್ತು ಆನ್ ಮಾತ್ರ ಮಾಡ್ಬೇಡಿ, ವಾಲ್ವ್ ಆಂಪ್‌ಗೆ ಲೋಡ್ (ಸ್ಪೀಕರ್ ಥರ ಪವರ್ ತಗೊಳ್ಳೋ ವಸ್ತು) ಇಲ್ದಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಇನ್ನು ಅಮೆರಿಕದಿಂದ ಭಾವ ತಂದ್ಕೊಟ್ಟ ಆಂಪ್ ಆದ್ರೆ ಹಿಂದೆ 120 ವೋಲ್ಟ್ ಅಂತ ಬರೆದಿರುತ್ತೆ, ನಮ್ಮ ಗೋಡೇಲಿ ಬರೋದು 230. ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ದೆ ಚುಚ್ಚಿದ್ರೆ ಬರೀ ಫ್ಯೂಸ್ ಹೋಗಿದ್ರೆ ಪುಣ್ಯ.