ಮೊದಲು ಚಿಪ್‌ನ ನಂಬರ್ ಕೇಳಿ

ಹೋದ ತಿಂಗಳು ನಮ್ಮ ಅಂಗಡಿಗೆ ನಿವೃತ್ತ ಟೀಚರೊಬ್ಬರು ಬಟ್ಟೆ ಚೀಲದಲ್ಲಿ ಒಂದು ನೆಟ್‌ಬುಕ್ ತಂದರು. ಹತ್ತು ಇಂಚಿನ ಸ್ಕ್ರೀನ್, 1 ಜಿಬಿ ರ‍್ಯಾಮ್, ಒಳಗೆ ವಿಂಡೋಸ್ ಎಕ್ಸ್‌ಪಿ. "ಮಗ ಬಿಸಾಕು ಅಂತಾನೆ. ಪೇಪರ್ ಓದೋಕೆ, ನಾಲ್ಕು ಸಾಲು ಕನ್ನಡ ಬರೆಯೋಕೆ ಆದ್ರೆ ಸಾಕು. ಸ್ವಲ್ಪ ನೋಡಪ್ಪ" ಅಂದರು. ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಡ್ತೀನಿ ಮೇಡಂ, ಎರಡು ದಿನ ಬಿಡಿ ಅಂದೆ.

ನೆಟ್‌ಬುಕ್ ಅನ್ನೋ ಹೆಸರೇ ಈಗಿನ ಹುಡುಗರಿಗೆ ಹೊಸದು. 2007ರಲ್ಲಿ ಆಸುಸ್‌ನ 'ಈ ಪಿಸಿ 701' (Eee PC) ಬಂದಾಗ ಈ ಪುಟಾಣಿ ಲ್ಯಾಪ್‌ಟಾಪ್‌ಗಳ ಕಾಲ ಶುರುವಾಯಿತು. ಏಳು ಇಂಚಿನ ಸ್ಕ್ರೀನ್, 4 ಜಿಬಿ ಜಾಗ, ಮತ್ತೆ ಒಳಗಿದ್ದದ್ದು ಕ್ಸಾಂಡ್ರಾಸ್ ಲಿನಕ್ಸ್. ಎಕ್ಸ್‌ಪಿ ಆಮೇಲೆ ಬಂದದ್ದು. ಹಾಗಾಗಿ ನೆಟ್‌ಬುಕ್‌ಗೆ ಲಿನಕ್ಸ್ ಹಾಕೋದು ಅಂದರೆ ತವರಿಗೆ ಕಳಿಸಿದ ಹಾಗೆ.

ಆದರೆ ಯಾವ ಲಿನಕ್ಸ್? ಉಬುಂಟು, ಡೆಬಿಯನ್ ಅಂತ ಅದರಲ್ಲಿ ಹಲವು ಬಗೆ. ಇಲ್ಲೇ ಜಾಸ್ತಿ ಜನ ಎಡವುವುದು. ಆ ಕಾಲದ ಇಂಟೆಲ್ ಆಟಂ ಎನ್270 ಪ್ರೊಸೆಸರ್ ಬರೀ 32 ಬಿಟ್, ಅಂದರೆ 64 ಬಿಟ್‌ಗೆಂದು ಮಾಡಿದ ಸಾಫ್ಟ್‌ವೇರ್ ಅದರಲ್ಲಿ ಓಡುವುದಿಲ್ಲ. ಆಮೇಲೆ ಬಂದ ಎನ್450 ಆದರೆ 64 ಬಿಟ್ ಕೂಡ ಓಡಿಸುತ್ತದೆ. ಎನ್270ಕ್ಕೆ 64 ಬಿಟ್ ಲಿನಕ್ಸ್ ಇರುವ ಪೆನ್‌ಡ್ರೈವ್ ಚುಚ್ಚಿದರೆ, ಈ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಬೇರೆ ಪ್ರೊಸೆಸರ್ ಬೇಕು ಎಂದು ಕಪ್ಪು ಪರದೆಯ ಮೇಲೆ ಒಂದು ಸಾಲು ಬಂದು ಅಲ್ಲಿಗೇ ನಿಲ್ಲುತ್ತದೆ. ಅದನ್ನು ಓದದೆ, ಪೆನ್‌ಡ್ರೈವ್ ಹಾಳಾಗಿದೆ ಅಂತ ಹೊಸದು ಕೊಂಡವರೂ ಇದ್ದಾರೆ. ಉಬುಂಟು 2017ರ 17.10ರಿಂದಲೇ ಡೆಸ್ಕ್‌ಟಾಪ್‌ಗೆ 32 ಬಿಟ್ ಇನ್‌ಸ್ಟಾಲ್ ಫೈಲ್ (ಇಮೇಜ್) ಕೊಡುವುದನ್ನು ನಿಲ್ಲಿಸಿತು. 2025ರಲ್ಲಿ ಬಂದ ಡೆಬಿಯನ್ 13ಕ್ಕೂ 32 ಬಿಟ್ ಇನ್‌ಸ್ಟಾಲರ್ ಇಲ್ಲ. ಹಾಗಾಗಿ ನಾನು ಡೆಬಿಯನ್ 12 ಹಾಕಿದೆ, ಮೇಲೆ ಎಲ್‌ಎಕ್ಸ್‌ಡಿಇ ಅನ್ನುವ ಹಗುರವಾದ ಡೆಸ್ಕ್‌ಟಾಪ್.

ಇನ್‌ಸ್ಟಾಲ್ ಬಗ್ಗೆ ಹೇಳುವಂಥದ್ದು ಏನಿಲ್ಲ, ಒಂದು ಬಿಟ್ಟು. ಈ ಸ್ಕ್ರೀನ್‌ಗಳ ಎತ್ತರ ಬರೀ 600 ಪಿಕ್ಸೆಲ್. ಕೆಲವು ವಿಂಡೋಗಳ 'ಓಕೆ' ಬಟನ್ ಪರದೆಯ ಕೆಳಗೆಲ್ಲೋ ಅಡಗಿರುತ್ತದೆ. ಆಲ್ಟ್ ಕೀ ಒತ್ತಿ ಹಿಡಿದು ವಿಂಡೋವನ್ನು ಎಲ್ಲಿಂದಾದರೂ ಮೇಲಕ್ಕೆ ಎಳೆಯಿರಿ, ಬಟನ್ ಕಾಣುತ್ತದೆ.

ಎಲ್ಲ ಮುಗಿದು ಡೆಸ್ಕ್‌ಟಾಪ್ ಬಂತು. ವೈಫೈ ಇಲ್ಲ. ಇದಂತೂ ನಿರೀಕ್ಷಿತವೇ.

ಈ ಹಂತದಲ್ಲಿ ಎಲ್ಲರೂ ಮಾಡುವುದು ಒಂದೇ: ಮುಚ್ಚಳದ ಮೇಲಿರುವ ಮಾಡೆಲ್ ಹೆಸರು ಹಾಕಿ ಡ್ರೈವರ್ (ಚಿಪ್ಪನ್ನು ಓಡಿಸುವ ಸಾಫ್ಟ್‌ವೇರ್) ಹುಡುಕುವುದು. ದಯವಿಟ್ಟು ಬೇಡ. ಒಂದೇ ಮಾಡೆಲ್‌ಗೆ ಒಂದು ಲಾಟ್‌ನಲ್ಲಿ ಎಥರೋಸ್ ಕಂಪನಿಯ ವೈಫೈ ಕಾರ್ಡ್, ಇನ್ನೊಂದು ಲಾಟ್‌ನಲ್ಲಿ ಬ್ರಾಡ್‌ಕಾಮ್ ಕಾರ್ಡ್ ಹಾಕಿ ಮಾರಿದ ಕಾಲ ಅದು. ಟರ್ಮಿನಲ್ ತೆಗೆದು ಎಲ್‌ಎಸ್‌ಪಿಸಿಐ ಕಮಾಂಡ್ ಕೊಡಿ, ಜೊತೆಗೆ ಎನ್‌ಎನ್ ಆಯ್ಕೆ ಸೇರಿಸಿ (lspci -nn). ಪ್ರತಿ ಚಿಪ್‌ನ ಮುಂದೆ ಒಂದು ಜೋಡಿ ಸಂಖ್ಯೆ ಬರುತ್ತದೆ. ಮೊದಲನೆಯದು ಕಂಪನಿ, ಎರಡನೆಯದು ಚಿಪ್. ಇಂಟೆಲ್‌ನ ಸಂಖ್ಯೆ 8086, ಅವರ ಹಳೇ ಪ್ರೊಸೆಸರ್‌ನ ಹೆಸರೇ! ಟೀಚರ್ ಅವರ ನೆಟ್‌ಬುಕ್‌ನಲ್ಲಿ ಬಂದದ್ದು 14ಇ4:4315. 14ಇ4 ಅಂದರೆ ಬ್ರಾಡ್‌ಕಾಮ್, 4315 ಅಂದರೆ ಬಿಸಿಎಂ4312 ವೈಫೈ ಚಿಪ್.

ಈ ಚಿಪ್‌ನ ಡ್ರೈವರ್ ಬಿ43 ಲಿನಕ್ಸ್ ಕರ್ನಲ್‌ನಲ್ಲಿ ಆಗಲೇ ಇದೆ. ಮತ್ತೆ ಯಾಕೆ ಓಡಲಿಲ್ಲ? ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ (dmesg) ಕಮಾಂಡ್ ಕೊಟ್ಟು ನೋಡಿದೆ. 'ಯೂಕೋಡ್15' ಎಂಬ ಫರ್ಮ್‌ವೇರ್ ಫೈಲ್ ಸಿಗಲಿಲ್ಲ ಎಂದು ಕೆಂಪಕ್ಷರದಲ್ಲಿ ಬರೆದಿತ್ತು. ಡ್ರೈವರ್ ಸೀಟಲ್ಲಿ ಕೂತಿದ್ದಾನೆ, ಕೈಯಲ್ಲಿ ಬಸ್ಸಿನ ಕೀ ಇಲ್ಲ. ಚಿಪ್‌ನ ಒಳಗೇ ಓಡಬೇಕಾದ ಈ ಪುಟ್ಟ ಪ್ರೋಗ್ರಾಂ ಅನ್ನು ಬೇರೆಯವರು ಹಂಚಲು ಬ್ರಾಡ್‌ಕಾಮ್ ಒಪ್ಪಿಗೆ ಕೊಟ್ಟಿಲ್ಲ. ಆದ್ದರಿಂದ ಬೇರೆ ಎಷ್ಟೋ ಫರ್ಮ್‌ವೇರ್‌ಗಳನ್ನು ಜೊತೆಗೇ ಕೊಡುವ ಡೆಬಿಯನ್ 12ರಲ್ಲೂ ಇದು ಇರುವುದಿಲ್ಲ. 'ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್' ಎಂಬ ಪ್ಯಾಕೇಜ್ ಹಾಕಿದರೆ, ಅದು ನೆಟ್‌ನಿಂದ ಮೂಲ ಫೈಲ್ ಇಳಿಸಿ, ಅದರಿಂದ ಫರ್ಮ್‌ವೇರ್ ಕತ್ತರಿಸಿ ಕೊಡುತ್ತದೆ. ಪ್ಯಾಕೇಜ್ ಕಾಣದಿದ್ದರೆ ಸಾಫ್ಟ್‌ವೇರ್ ಮೂಲಗಳ ಪಟ್ಟಿಯಲ್ಲಿ 'ಕಾಂಟ್ರಿಬ್' ಸೇರಿಸಬೇಕು.

ನೆಟ್ ಬರಲು ಫರ್ಮ್‌ವೇರ್ ಬೇಕು, ಫರ್ಮ್‌ವೇರ್ ಬರಲು ನೆಟ್ ಬೇಕು. ಮದುವೆ ಆಗದೆ ಹುಚ್ಚು ಬಿಡಲ್ಲ, ಹುಚ್ಚು ಬಿಡದೆ ಮದುವೆ ಆಗಲ್ಲ ಅಂತಾರಲ್ಲ, ಹಾಗೆ. ಲ್ಯಾನ್ ಕೇಬಲ್ ಇದ್ದರೆ ಸರಿ. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಸೇರಿಸಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ವೈರಿನ ನೆಟ್‌ವರ್ಕ್ ಅಂತಲೇ ನೋಡುತ್ತದೆ, ಯಾವ ಡ್ರೈವರೂ ಹಾಕಬೇಕಿಲ್ಲ. ಈ ಒಂದು ಕೇಬಲ್ ನನ್ನ ಎಷ್ಟು ಸಂಜೆಗಳನ್ನು ಉಳಿಸಿದೆಯೋ.

ಫರ್ಮ್‌ವೇರ್ ಬಂತು. ಆದರೂ ವೈಫೈ ಇಲ್ಲ! ಮೊದಲೆಲ್ಲ ಆಗಿದ್ದರೆ ಬ್ರಾಡ್‌ಕಾಮ್‌ನದೇ 'ಡಬ್ಲ್ಯುಎಲ್' ಡ್ರೈವರ್ ಕೂಡ ತಂದು ಸುರಿಯುತ್ತಿದ್ದೆ. ಅದು ಬಿ43ಯನ್ನು ಬ್ಲ್ಯಾಕ್‌ಲಿಸ್ಟ್‌ಗೆ ಸೇರಿಸಿ ಓಡದಂತೆ ತಡೆದುಬಿಡುತ್ತದೆ, ಕರ್ನಲ್ ಬದಲಾದಾಗೆಲ್ಲ ಮತ್ತೆ ಕಂಪೈಲ್ ಆಗಬೇಕು. ಎರಡನ್ನೂ ಹಾಕಿ ಕೊನೆಗೆ ಎರಡೂ ಓಡದ ಯಂತ್ರಗಳು ನಮ್ಮ ಅಂಗಡಿಗೆ ಬರುತ್ತಲೇ ಇರುತ್ತವೆ. ಈ ಸಲ, ವೈಫೈಯನ್ನು ಯಾರಾದರೂ ತಡೆದಿದ್ದಾರಾ ಎಂದು ತಿಳಿಯಲು ಆರ್‌ಎಫ್‌ಕಿಲ್ ಲಿಸ್ಟ್ (rfkill list) ಎಂದು ಕೇಳಿದೆ. 'ಹಾರ್ಡ್ ಬ್ಲಾಕ್ಡ್: ಎಸ್' ಅಂತ ಉತ್ತರ. ಸಾಫ್ಟ್ ಅಂತಿದ್ದರೆ ಕಮಾಂಡ್‌ನಿಂದ ಬಿಡಿಸಬಹುದು. ಹಾರ್ಡ್ ಅಂದರೆ ಎಲ್ಲೋ ನಿಜವಾದ ಸ್ವಿಚ್ ಆಫ್ ಆಗಿದೆ. ಹುಡುಕಿದರೆ ಮುಂದಿನ ಅಂಚಿನಲ್ಲಿ ಅಕ್ಕಿ ಕಾಳಿನಷ್ಟು ಸ್ವಿಚ್. ಉಗುರಿನಿಂದ ಸರಿಸಿದೆ, ಅಕ್ಕಪಕ್ಕದ ಅಂಗಡಿಗಳ ವೈಫೈ ಎಲ್ಲ ಸಾಲಾಗಿ ಕಂಡವು.

ಸಿಕ್ಕಿಯೂ ಮಧ್ಯೆ ಮಧ್ಯೆ ಕಡಿದುಹೋಗುತ್ತಿದ್ದು, ಡಿಮೆಸೇಜ್‌ನಲ್ಲಿ ಡಿಎಂಎ (ಡೇಟಾ ಸಾಗಣೆಯ) ಎರರ್ ಕಂಡರೆ, ಬಿ43ಗೆ 'ಪಿಐಒ=1' ಆಯ್ಕೆ (ಡೇಟಾ ಸಾಗಿಸುವ ಬೇರೆ ದಾರಿ) ಕೊಟ್ಟು ನೋಡಿ. ಕೆಲವು ಆಟಂ ಯಂತ್ರಗಳಿಗೆ ಇದು ಬೇಕಾಗುತ್ತದೆ. ವೇಗ ಸ್ವಲ್ಪ ಇಳಿಯುತ್ತದೆ, ನಿಲ್ಲುವುದಿಲ್ಲ.

ಗ್ರಾಫಿಕ್ಸ್‌ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಇಂಟೆಲ್‌ನ ಗ್ರಾಫಿಕ್ಸ್ ಚಿಪ್ ಜಿಎಂಎ 950, 3150 ಇದ್ದರೆ ಕರ್ನಲ್‌ನ ಐ915 ಡ್ರೈವರ್ ಸಾಕು. ಜಿಎಂಎ 500 ಅಥವಾ 3600 ಇದ್ದರೆ ಅದು ಪವರ್‌ವಿಆರ್ ಎಂಬ ಬೇರೆ ಗ್ರಾಫಿಕ್ಸ್ ಮೂಲದ್ದು, ಚಿತ್ರ ಬರುತ್ತದೆ, ವಿಡಿಯೊ ತೆವಳುತ್ತದೆ. ಅಂಥದ್ದಕ್ಕೆ ದುಡ್ಡು ಹಾಕಬೇಡಿ ಅಂತ ನಾನು ಗಿರಾಕಿಗೆ ನೇರವಾಗಿ ಹೇಳುತ್ತೇನೆ. ಬೆಳಕು ಹೆಚ್ಚುಕಡಿಮೆ ಮಾಡುವ ಕೀ ಓಡದಿದ್ದರೆ ಲಿನಕ್ಸ್ ಶುರು ಮಾಡಿಸುವ ಗ್ರಬ್‌ನಲ್ಲಿ 'ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್' (acpi_backlight=vendor) ಸೇರಿಸಿ ನೋಡಬಹುದು.

ಕೊನೆಗೆ ಕನ್ನಡ. 'ಫಾಂಟ್ಸ್-ಕೆಎನ್‌ಡಿಎ' ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಫಾಂಟ್‌ಗಳು ಬರುತ್ತವೆ. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಇದೆ, ನುಡಿ ಬಳಸಿದವರ ಬೆರಳಿಗೆ ಗೊತ್ತಿರುವುದೇ. ಟೀಚರ್ ಬಂದು ಕೂತು ತಮ್ಮ ಹೆಸರು ಟೈಪ್ ಮಾಡಿದರು, ಸರಿಯಾಗಿ ಬಂತು. ಆಮೇಲೆ ಪೆನ್‌ಡ್ರೈವ್ ತೆಗೆದು ಹಳೇ ಫೈಲ್ ಒಂದನ್ನು ತೆರೆದರು. ಪರದೆ ತುಂಬ ಅರ್ಥವಾಗದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಯೂನಿಕೋಡ್‌ಗೂ ಮುಂಚಿನ ನುಡಿ ಫಾಂಟ್‌ನಲ್ಲಿ ಬರೆದಿದ್ದು. "ಡ್ರೈವರ್ ತೊಂದರೆನಾ?" ಅಂತ ಕೇಳಿದರು. ಅಲ್ಲ ಮೇಡಂ, ಪ್ರತಿ ಫೈಲನ್ನೂ ಯೂನಿಕೋಡ್‌ಗೆ ಬದಲಾಯಿಸಬೇಕು ಅಂದೆ. ಇನ್ನೂರಕ್ಕೂ ಜಾಸ್ತಿ ಇವೆಯಂತೆ. ಪೆನ್‌ಡ್ರೈವ್ ನನ್ನ ಹತ್ತಿರವೇ ಬಿಟ್ಟು ಹೋಗಿದ್ದಾರೆ.