ಹವಾಮಾನ ಬದಲಾವಣೆಯ ಪಾಠ ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ಬೆಂಗಳೂರಿನ ಶಾಲೆಯೊಂದರಲ್ಲಿ ಆರನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಹವಾಮಾನ ಬದಲಾವಣೆ, ಸುಸ್ಥಿರ ಬದುಕು ಅಂತ ಶುರು ಮಾಡಿದರೆ ಕೆಲವು ಮಕ್ಕಳಿಗೆ ಬೇಜಾರು, ಕೆಲವರಿಗೆ ಹೆದರಿಕೆ. ಹೇಗೆ ಹೇಳಲಿ?

ಉತ್ತರ: ಶಾಲೆಯ ನಲ್ಲಿಯಿಂದ ಶುರು ಮಾಡಿ, ಟೀಚರ್. ಕರಗುವ ಹಿಮ, ಮುಳುಗುವ ದ್ವೀಪಗಳ ವಿಷಯ ಆಮೇಲೆ ಬರಲಿ.

ಸೋರುವ ನಲ್ಲಿ ಒಂದಾದರೂ ಇದ್ದೇ ಇರುತ್ತದೆ, ಅಲ್ವಾ? ಅದರ ಕೆಳಗೆ ಒಂದು ಲೀಟರಿನ ಬಾಟಲಿ ಇಡಿಸಿ. ತುಂಬಲು ಎಷ್ಟು ಹೊತ್ತು ಬೇಕು ಅಂತ ಮಕ್ಕಳೇ ಗಡಿಯಾರ ನೋಡಿ ಬರೆದುಕೊಳ್ಳಲಿ. ಗಂಟೆಗೊಂದು ಬಾಟಲಿ ತುಂಬಿದರೆ ದಿನಕ್ಕೆ 24 ಲೀಟರ್, ವರ್ಷಕ್ಕೆ 8,760 ಲೀಟರ್. ಈ ಗುಣಾಕಾರ ಅವರೇ ಮಾಡಲಿ, ನೀವು ಬೋರ್ಡಿನ ಮೇಲೆ ಬರೆದುಕೊಡಬೇಡಿ.

ಈಗ ಕೇಳಿ: ಈ ನೀರು ಎಲ್ಲಿಂದ ಬಂತು? ಕಾವೇರಿ ನೀರಾದರೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪೈಪಿನಲ್ಲಿ ಬಂದಿದೆ. ಬೆಂಗಳೂರು ಎತ್ತರದಲ್ಲಿರುವ ಊರು. ಹಾಗಾಗಿ ನೀರನ್ನು ದಾರಿಯುದ್ದಕ್ಕೂ ನೂರಾರು ಮೀಟರ್ ಮೇಲಕ್ಕೆ ಪಂಪ್ ಮಾಡಬೇಕು. ಪಂಪಿಗೆ ಕರೆಂಟ್ ಬೇಕು. ನಮ್ಮ ಕರೆಂಟಿನಲ್ಲಿ ಒಂದು ಪಾಲು ರಾಯಚೂರು, ಬಳ್ಳಾರಿ ಕಡೆ ಕಲ್ಲಿದ್ದಲು ಸುಟ್ಟು ತಯಾರಾಗುವುದು. ಆ ಹೊಗೆಯ ಜೊತೆ ಹೋಗುವ ಕಾರ್ಬನ್ ಡೈಆಕ್ಸೈಡ್ ಇಡೀ ಭೂಮಿಯ ಗಾಳಿಗೆ ಸೇರುತ್ತದೆ. ಭೂಮಿ ಬಿಸಿಯಾಗುವ ಪಾಠವನ್ನು ಇಲ್ಲಿ ತೆಗೆಯಿರಿ. ಅಷ್ಟು ಹೊತ್ತಿಗೆ ಅದು ಅವರದೇ ನಲ್ಲಿಯ ವಿಷಯ ಆಗಿರುತ್ತದೆ. ಬೋರ್‌ವೆಲ್ ನೀರಾದರೆ ಊರಿನ ಎಷ್ಟೋ ಕೊಳವೆ ಬಾವಿಗಳು ಬತ್ತಿದ 2024ರ ಬೇಸಿಗೆ ನೆನಪಿಸಿ. ಟ್ಯಾಂಕರಿಗಾಗಿ ಕಾದ ಮನೆಗಳ ಮಕ್ಕಳೇ ಅರ್ಧ ಪಾಠ ಹೇಳುತ್ತಾರೆ.

ಇನ್ನು ಹೆದರಿಕೆ. ನಮ್ಮ ಕೈಲಿ ಏನೂ ಆಗಲ್ಲ ಅನ್ನಿಸಿದಾಗ ಅದು ಜಾಸ್ತಿ. ಹಾಗಂತ ನಲ್ಲಿ ರಿಪೇರಿ ಮಾಡಿದರೆ ಭೂಮಿ ತಣ್ಣಗಾಗುತ್ತದೆ ಅಂತ ಸುಮ್ನೆ ಸಮಾಧಾನ ಹೇಳಬೇಡಿ. ಮಕ್ಕಳಿಗೆ ಸುಳ್ಳು ಬೇಗ ಗೊತ್ತಾಗುತ್ತದೆ. ದೊಡ್ಡ ತೀರ್ಮಾನಗಳು ಸರ್ಕಾರಗಳ, ಕಂಪನಿಗಳ ಕೈಲಿವೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. 2015ರಲ್ಲಿ ವಿಶ್ವಸಂಸ್ಥೆಯ ದೇಶಗಳು 2030ರ ಗಡುವು ಇಟ್ಟುಕೊಂಡು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. 6ನೆಯದು ನೀರು, 13ನೆಯದು ಹವಾಮಾನ. ಹದಿನೇಳನ್ನೂ ಬಾಯಿಪಾಠ ಮಾಡಿಸುವುದು ಬೇಡ, ಈ ಎರಡು ಸಾಕು.

ಹೊಣೆ ಇರುವವರನ್ನು ಕೇಳುವುದನ್ನೂ ಕಲಿಸಿ. ಬಾಟಲಿಯ ಲೆಕ್ಕ ಸೇರಿಸಿ ಮಕ್ಕಳು ಮುಖ್ಯೋಪಾಧ್ಯಾಯರಿಗೋ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೋ ಅರ್ಜಿ ಬರೆಯಲಿ. ಜೂನ್ 5ರ ಪರಿಸರ ದಿನದ ಪೋಸ್ಟರ್ ಸ್ಪರ್ಧೆಗಿಂತ ನನಗೆ ಈ ಅರ್ಜಿಯೇ ಮುಖ್ಯ. ನಲ್ಲಿ ರಿಪೇರಿಯಾದ ಮೇಲೆ ಚಾವಣಿ ಅಳೆಯಿರಿ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರ್ ಚಾವಣಿಯ ಮೇಲೆ 20 ಮಿ.ಮೀ. ಮಳೆಯಾದರೆ ಎಷ್ಟು, ಆ ನೀರು ಈಗ ಎಲ್ಲಿಗೆ ಹೋಗುತ್ತಿದೆ ಅಂತ ಕೇಳಿ. ಎರಡನೇ ಅರ್ಜಿಗೆ ವಿಷಯ ಸಿಗುತ್ತದೆ.