ಹೊಸ ಪ್ಲಗ್ ವೈರ್ ಹಾಕಿದ ಮೇಲೆ ಅಂಬಾಸಿಡರ್ ಯಾಕೆ ಪಟ್ ಪಟ್ ಎನ್ನುತ್ತದೆ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಅಪ್ಪನ ಕಾಲದ ಪೆಟ್ರೋಲ್ ಅಂಬಾಸಿಡರ್ ಇದೆ, 1489 ಸಿಸಿ ಎಂಜಿನ್. ಮಳೆಗಾಲದಲ್ಲಿ ಮಿಸ್ಸಿಂಗ್ (ಎಂಜಿನ್ ನಡುನಡುವೆ ಉರಿಯದೆ ತಪ್ಪುವುದು) ಇತ್ತೆಂದು ನಾಲ್ಕೂ ಪ್ಲಗ್ ವೈರ್ ಕಿತ್ತು ಹೊಸತು ಹಾಕಿದೆವು. ಈಗ ಸ್ಟಾರ್ಟ್ ಏನೋ ಆಗುತ್ತದೆ, ಆದರೆ ಎಂಜಿನ್ ಗಡಗಡ ನಡುಗುತ್ತದೆ, ಕಾರ್ಬುರೇಟರಿನಿಂದ ಪಟ್ ಪಟ್ ಸದ್ದು. ವೈರೇ ಸರಿ ಇಲ್ಲವಾ?

ಉತ್ತರ: ವೈರನ್ನು ಬೈಯುವ ಮೊದಲು ಅದು ಹೋಗುವ ಜಾಗ ನೋಡಿ. ನೀವು ಹೇಳುವ ಲಕ್ಷಣ ನೋಡಿದರೆ 2 ಮತ್ತು 3ನೇ ಸಿಲಿಂಡರಿನ ವೈರ್ ಅದಲು ಬದಲಾಗಿರುವ ಹಾಗೆ ಕಾಣುತ್ತದೆ.

ಈ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಉರಿಯುವ ಸರದಿ, 1-3-4-2. ರೇಡಿಯೇಟರ್ ಕಡೆಯದು 1ನೇ ಸಿಲಿಂಡರ್. ಇಷ್ಟು ಎಲ್ಲರಿಗೂ ಗೊತ್ತು. ಮರೆಯುವುದು ರೋಟರ್ ತಿರುಗುವ ದಿಕ್ಕನ್ನು. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ತುಂಡೇ ರೋಟರ್. ಮೇಲಿನಿಂದ ನೋಡಿದರೆ ಅದು ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ನೀವು ಮುಳ್ಳಿನ ದಿಕ್ಕಿನಲ್ಲೇ 1-3-4-2 ಅಂತ ಜೋಡಿಸಿಕೊಂಡು ಹೋದರೆ 1 ಮತ್ತು 4 ಸರಿಯಾಗಿಯೇ ಕೂರುತ್ತವೆ, 2 ಮತ್ತು 3 ತಪ್ಪುತ್ತವೆ. ಹಾಗಾಗಿ ಎರಡು ಸಿಲಿಂಡರಿನ ಬಲದಲ್ಲಿ ಗಾಡಿ ಹೇಗೋ ಸ್ಟಾರ್ಟ್ ಆಗುತ್ತದೆ. ಉಳಿದೆರಡರಲ್ಲಿ ಹೊಗೆ ಹೊರಹೋಗಿ ಇನ್‌ಟೇಕ್ ವಾಲ್ವ್ ತೆರೆಯುವ ಹೊತ್ತಿಗೆ ಕಿಡಿ ಬೀಳುತ್ತದೆ. ಬೆಂಕಿ ಕಾರ್ಬುರೇಟರ್ ಕಡೆಗೇ ನುಗ್ಗುತ್ತದೆ. ನಿಮಗೆ ಕೇಳುವ ಪಟ್ ಪಟ್ ಅದೇ.

ಸರಿ ಮಾಡುವುದು ಹೀಗೆ. ಗೇರ್ ನ್ಯೂಟ್ರಲ್, ಕೀ ಆಫ್. ನಾಲ್ಕೂ ಪ್ಲಗ್ ಬಿಚ್ಚಿ, ಎಂಜಿನ್ ಹಗುರಾಗಿ ತಿರುಗುತ್ತದೆ. ಒಬ್ಬರು 1ನೇ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿಯಲಿ, ಇನ್ನೊಬ್ಬರು ಮುಂದಿನ ಹ್ಯಾಂಡಲ್ ನಿಧಾನಕ್ಕೆ ತಿರುಗಿಸಲಿ. ಗಾಳಿ ಬೆರಳನ್ನು ಹೊರಗೆ ತಳ್ಳಲು ಶುರುವಾದರೆ ಅದು ಕಂಪ್ರೆಷನ್. ಪುಲ್ಲಿಯ ಗುರುತು ಟೈಮಿಂಗ್ ಗುರುತಿಗೆ ಬಂದಾಗ ನಿಲ್ಲಿಸಿ. ಈಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ಎತ್ತಿ ನೋಡಿ, ರೋಟರಿನ ಮೂತಿ ಎತ್ತ ಇದೆಯೋ ಅದೇ 1ರ ಜಾಗ. ಪುಸ್ತಕದ ಚಿತ್ರವನ್ನು ಕಣ್ಣುಮುಚ್ಚಿ ನಂಬಬೇಡಿ. ಎಂಜಿನ್ ಒಮ್ಮೆ ಬಿಚ್ಚಿ ಕಟ್ಟಿದ ಗಾಡಿಯಾದರೆ ಡಿಸ್ಟ್ರಿಬ್ಯೂಟರ್ ಬೇರೆ ಮುಖ ಮಾಡಿ ಕೂತಿರಬಹುದು. 1ರ ಜಾಗದಿಂದ ಮುಳ್ಳಿಗೆ ಉಲ್ಟಾ ದಿಕ್ಕಿನಲ್ಲಿ 3, 4, 2. ಮುಂದಿನ ಸಲ ಒಂದು ವೈರ್ ಕಿತ್ತು, ಅದರ ಜಾಗಕ್ಕೆ ಹೊಸತು ಹಾಕಿ, ಆಮೇಲೆ ಇನ್ನೊಂದು. ಆಗ ಈ ತಲೆನೋವೇ ಇಲ್ಲ.

ಇನ್ನು ವೈರ್ ಎಳೆಯುವ ದಾರಿ. ನಿಮ್ಮ ಎಂಜಿನ್ನಿನಲ್ಲಿ ಪ್ಲಗ್ ಒಂದು ಬದಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇನ್ನೊಂದು ಬದಿ, ಅಷ್ಟರ ಮಟ್ಟಿಗೆ ಪುಣ್ಯ. ಆದರೆ ಫ್ಯಾನ್ ಬೆಲ್ಟಿಗೆ, ತಗಡಿನ ಅಂಚಿಗೆ ತಾಗದಂತೆ ನೋಡಿಕೊಳ್ಳಿ. ಎಂಜಿನ್ ಅಲುಗಾಡುತ್ತದಲ್ವಾ, ಸ್ವಲ್ಪ ಸಡಿಲ ಇರಲಿ. ಚಂದ ಕಾಣಲಿ ಅಂತ ನಾಲ್ಕನ್ನೂ ಸೇರಿಸಿ ಟ್ಯಾಗ್ ಹಾಕಿ ಬಿಗಿಯಬೇಡಿ. 3ರ ಹಿಂದೆಯೇ 4, 2ರ ಹಿಂದೆಯೇ 1 ಉರಿಯುತ್ತವೆ. ಅಕ್ಕಪಕ್ಕ ಅಂಟಿಕೊಂಡು ಓಡಿದರೆ ಒಂದರ ಕರೆಂಟ್ ಇನ್ನೊಂದರಲ್ಲಿ ಹುಟ್ಟಿ ಹೊತ್ತಲ್ಲದ ಹೊತ್ತಿಗೆ ಕಿಡಿ ಬೀಳಬಹುದು. ಉದ್ದದ ವೈರಿರುವ ವಿ-8 ಎಂಜಿನ್‌ಗಳಲ್ಲಿ ಇದು ಜಾಸ್ತಿ, ನಿಮ್ಮದರಲ್ಲಿ ಕಮ್ಮಿ. ಆದರೂ ಬೆರಳಗಲ ಅಂತರ ಬಿಟ್ಟರೆ ಖರ್ಚೇನಿಲ್ಲ.

ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಗೆ ಚೂಪು ಸ್ಕ್ರೂ ಇದ್ದು ಅದು ವೈರಿನೊಳಗೆ ಚುಚ್ಚಿಕೊಳ್ಳುವ ಹಳೆಯ ನಮೂನೆಯಾದರೆ ತಾಮ್ರದ ಎಳೆಯ ವೈರನ್ನೇ ಹಾಕಿ. ಕಾರ್ಬನ್ ವೈರಿನಲ್ಲಿ ಆ ಸ್ಕ್ರೂಗೆ ಗಟ್ಟಿ ಹಿಡಿತ ಸಿಗುವುದಿಲ್ಲ.

ಮೊದಲಿನ ಮಿಸ್ಸಿಂಗ್ ಹೊಸ ವೈರಿಗೂ ಹೋಗದಿದ್ದರೆ ಕ್ಯಾಪನ್ನೇ ಅನುಮಾನಿಸಿ. ನಮ್ಮ ಕಡೆಯ ಆಟಿ ತಿಂಗಳ ಮಳೆಯ ತೇವಕ್ಕೆ ಒಳಗಿನ ಹಿತ್ತಾಳೆಗೆ ಹಸಿರು ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ. ವೈರಿಗೆ ಕರೆಂಟ್ ಕೊಡುವ ಒಂದು ಹಿತ್ತಾಳೆ ಕಂಬದಿಂದ ಇನ್ನೊಂದಕ್ಕೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಕರೆಂಟ್ ಅದರಲ್ಲೇ ಹರಿಯುತ್ತಿದೆ, ಕ್ಯಾಪ್ ಬದಲಿಸಿ. ಗೆರೆ ಕಾಣದಿದ್ದರೆ ರಾತ್ರಿ ಶೆಡ್ಡಿನ ಲೈಟ್ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು ದೂರದಿಂದ ನೋಡಿ. ಎಲ್ಲಿ ನೀಲಿ ಕಿಡಿ ಹಾರುತ್ತದೋ ಅಲ್ಲೇ ಲೀಕ್. ಕೈ ಮಾತ್ರ ಹಾಕಬೇಡಿ.